ಹೊಸ ಸೀರೆ ಅಂಗಡಿಯೂ ಕೇಶಿರಾಜನೂ

ಕೊಳ್ಳೇಗಾಲ ರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿನ ಒಂದು ಬೀದೀಲಿ ‘ಹೊಸ ಸೀರೆ ಅಂಗಡಿ’ ಅಂತ ಬೋರ್ಡ್ ಇದೆ ಅಂದ್ಕೊಳ್ಳಿ. ಹೊಸದು ಯಾವುದು, ಸೀರೆಯೋ ಅಂಗಡಿಯೋ?

ಕಂಪೈಲರ್ ಲ್ಯಾಬಲ್ಲಿ ಬೈಸನ್‌ಗೆ ‘ಪದ : ಪದ ಪದ | ಬಿಡಿಪದ’ ಅಂತ ರೂಲ್ ಬರೆದುಕೊಟ್ಟವರಿಗೆ ಈ ತಲೆನೋವು ಗೊತ್ತು. ಮೂರು ಬಿಡಿಪದ ಬಂದರೆ ಎರಡು ಮರ, ಜೊತೆಗೆ ಶಿಫ್ಟ್-ರಿಡ್ಯೂಸ್ ಕಾನ್‌ಫ್ಲಿಕ್ಟ್. ನಾವೇನೂ ಹೇಳದಿದ್ರೆ ಬೈಸನ್ ಶಿಫ್ಟ್ ಮಾಡುತ್ತೆ: ಹೊಸ (ಸೀರೆ ಅಂಗಡಿ). ‘ಪದ : ಪದ ಬಿಡಿಪದ | ಬಿಡಿಪದ’ ಅಂತ ತಿದ್ದಿದ್ರೆ ಎಡದಿಂದ ಗುಂಪಾಗುತ್ತೆ: (ಹೊಸ ಸೀರೆ) ಅಂಗಡಿ. ವಾರ್ನಿಂಗ್ ಹೋಯ್ತು. ಆದರೆ ಎರಡರಲ್ಲಿ ಯಾವುದು ಸರಿ ಅನ್ನೋದನ್ನ ಬಳಕೆಯೇ ಹೇಳಬೇಕು.

ಕನ್ನಡಕ್ಕೆ ರೂಲ್ ಬರೆಯೋಕೆ ಕೂತ ಕೇಶಿರಾಜನೂ ಕೊನೆಗೆ ನೋಡಿದ್ದು ಬಳಕೆಯನ್ನೇ. 13ನೇ ಶತಮಾನ, ಹೊಯ್ಸಳರ ಕಾಲ. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದವನು. ತಾಯಿಯ ತಂದೆ ಕವಿ ಸುಮನೋಬಾಣ, ಸೋದರಮಾವ ‘ಯಶೋಧರ ಚರಿತೆ’ಯ ಜನ್ನ. ಮನೆ ತುಂಬ ಕವಿಗಳೇ! ಸುಮಾರು 1260ರಲ್ಲಿ ಈತ ‘ಶಬ್ದಮಣಿದರ್ಪಣ’ ಬರೆದ. ರೂಲ್‌ಗಳು ಕಂದಪದ್ಯದಲ್ಲಿ, ಕೆಳಗೆ ವಿವರಣೆ, ಅದರ ಕೆಳಗೆ ಹಿಂದಿನ ಕವಿಗಳಿಂದ ಉದಾಹರಣೆ.

ಸಮಾಸದ ಭಾಗ ನಮಗೆ ಹತ್ತಿರದ್ದು. ಎರಡು ಪದ ಸೇರಿ ಒಂದು ಪದ, ಅದು ಮತ್ತೊಂದರ ಜೊತೆ ಸೇರಬಹುದು, ಪಕ್ಕಾ ರಿಕರ್ಶನ್. ಯಾವುದು ಯಾವುದರ ಜೊತೆ ಸೇರಬೇಕು ಅನ್ನೋದಕ್ಕೆ ಕೇಶಿರಾಜ ಬೇಲಿ ಹಾಕಿದ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದರೆ ಅದು ಅರಿಸಮಾಸ, ಅಂದ್ರೆ ಶತ್ರು ಸಮಾಸ, ಕೂಡದು. ಆದರೆ ಬಿರುದುಗಳಲ್ಲಿ, ಹಳೆಯ ಕವಿಗಳು ಬಳಸಿಬಿಟ್ಟ ಕಡೆ, ತಾನೇ ಬೇಲಿ ತೆಗೆದ. ಜನರಲ್ ರೂಲ್‌ಗಿಂತ ವಿಶೇಷ ರೂಲ್‌ಗೆ ಹೆಚ್ಚು ಪ್ರಿಸಿಡೆನ್ಸ್ ಕೊಟ್ಟ ಹಾಗೆ. (ಹೋಲಿಕೆ ಪೂರ್ತಿ ಕೂಡಲ್ಲ ಬಿಡಿ, ಬೈಸನ್‌ಗೆ ಪಂಪ ಯಾರು ಅಂತ ಗೊತ್ತಿಲ್ಲ.)

ಪಂಪ, ಪೊನ್ನ, ಅಸಗ ಮುಂತಾದವರೇ ತನಗೆ ಆಧಾರ ಅಂತ ಹೆಸರು ಹಿಡಿದು ಹೇಳ್ತಾನೆ. ಅಸಗನ ಕನ್ನಡ ಕಾವ್ಯ ಇವತ್ತು ನಮ್ಮ ಕೈಲಿಲ್ಲ. ಕೇಶಿರಾಜ ತಾನು ಬರೆದೆ ಅನ್ನೋ ‘ಚೋಳಪಾಲಕಚರಿತ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಕೂಡ ಸಿಕ್ಕಿಲ್ಲ. ಕವಿಗಳ ಮನೇಲಿ ಹುಟ್ಟಿ ತಾನೂ ಕವಿಯಾಗಿದ್ದವನಿಂದ ಉಳಿದಿದ್ದು ರೂಲ್‌ಬುಕ್ ಒಂದೇ. 1872ರಲ್ಲಿ ಕಿಟ್ಟೆಲ್ ಅದನ್ನ ಸಂಪಾದಿಸಿ ಮಂಗಳೂರಲ್ಲಿ ಅಚ್ಚು ಹಾಕಿಸಿದಾಗ, ಕಳೆದುಹೋದ ಕಾವ್ಯಗಳ ತುಣುಕುಗಳೂ ಉದಾಹರಣೆಗಳ ವೇಷದಲ್ಲಿ ಜೊತೆಗೇ ಅಚ್ಚಾದವು.