‘ಲಿಟ್ಲ್ ವಿಮೆನ್’ ಬರೆದಾಕೆ

ನಾಲ್ವರು ಅಕ್ಕತಂಗಿಯರ ಕಥೆಯಾದ ‘ಲಿಟ್ಲ್ ವಿಮೆನ್’ ಕಾದಂಬರಿ ಹಲವು ಸಲ ಬೆಳ್ಳಿತೆರೆಗೆ ಬಂದಿದೆ. 1933ರ ಚಿತ್ರದಲ್ಲಿ ಕ್ಯಾಥರೀನ್ ಹೆಪ್ಬರ್ನ್ ಕಥಾನಾಯಕಿ ಜೋ ಆಗಿದ್ದರು. 2019ರಲ್ಲಿ ಗ್ರೆಟಾ ಗರ್ವಿಗ್ ಅದನ್ನೇ ಮತ್ತೆ ಚಿತ್ರಿಸಿದರು. ಈ ಎರಡನೆಯದನ್ನು ನೋಡಿದ ಮೇಲೆ ನನಗೆ ಜೋಳಿಗಿಂತ ಆಕೆಯನ್ನು ಸೃಷ್ಟಿಸಿದ ಲೇಖಕಿಯ ಬಾಳೇ ಹೆಚ್ಚು ಕುತೂಹಲಕರವಾಗಿ ತೋರಿತು.

ಲೂಯಿಸಾ ಮೇ ಆಲ್ಕಾಟ್ ಜನಿಸಿದ್ದು 1832ರ ನವೆಂಬರ್ 29ರಂದು, ಅಮೆರಿಕದ ಜರ್ಮನ್‌ಟೌನಿನಲ್ಲಿ. ತಂದೆ ಬ್ರಾನ್ಸನ್ ತತ್ತ್ವಜ್ಞಾನಿ; ಎಮರ್ಸನ್, ಥೋರೋ ಮೊದಲಾದವರ ಸ್ನೇಹಿತ. ಆದರೆ ತತ್ತ್ವದಿಂದ ಒಲೆ ಉರಿದೀತೇ? ಬೋಸ್ಟನ್ನಿನಲ್ಲಿ ಆತ ತೆರೆದ ಶಾಲೆ ಮುಚ್ಚಿಹೋಯಿತು. 1843ರಲ್ಲಿ ‘ಫ್ರೂಟ್‌ಲ್ಯಾಂಡ್ಸ್’ ಎಂಬ ಜಮೀನಿನಲ್ಲಿ ಮಿತ್ರರೊಡನೆ ಆದರ್ಶ ಸಮಾಜವೊಂದನ್ನು ಕಟ್ಟಹೊರಟ. ಅಲ್ಲಿ ಮಾಂಸವಿಲ್ಲ, ಹಾಲಿಲ್ಲ, ಗುಲಾಮರ ಬೆವರಿನಿಂದ ಬೆಳೆದ ಹತ್ತಿಯ ಬಟ್ಟೆಯೂ ಇಲ್ಲ. ಎಂತಹ ಉದಾತ್ತ ಧ್ಯೇಯ! ಚಳಿಗಾಲ ಬಂದೊಡನೆ ಅದು ಮುರಿದುಬಿತ್ತು. ಹಸಿವು ಚಳಿಗಳ ಪಾಲು ಬಂದದ್ದು ತಾಯಿಗೂ ಮಕ್ಕಳಿಗೂ.

ಸಂಸಾರದ ಭಾರ ಬರಬರುತ್ತ ಲೂಯಿಸಾಳ ಹೆಗಲಿಗೇರಿತು. ಹೊಲಿಗೆ, ಪಾಠ, ಪರರ ಮನೆಯ ಚಾಕರಿ, ಎಲ್ಲವನ್ನೂ ಆಕೆ ಮಾಡಿದಳು. 1858ರಲ್ಲಿ ತಂಗಿ ಎಲಿಜಬೆತ್ ತೀರಿಕೊಂಡಳು; ಕಾದಂಬರಿಯ ಬೆತ್ ಅವಳೇ. 1862ರ ಕೊನೆಯಲ್ಲಿ ಅಂತರ್ಯುದ್ಧದ ಗಾಯಾಳುಗಳ ಶುಶ್ರೂಷೆಗೆ ವಾಷಿಂಗ್ಟನ್ನಿಗೆ ಹೋದವಳು ಕೆಲವೇ ವಾರಗಳಲ್ಲಿ ವಿಷಮಜ್ವರಕ್ಕೆ ತುತ್ತಾದಳು. ಆಗ ಕೊಟ್ಟ ಔಷಧದಲ್ಲಿ ಪಾದರಸವಿತ್ತು. ಆರೋಗ್ಯ ಮತ್ತೆ ಪೂರ್ತಿಯಾಗಿ ಮರಳಲಿಲ್ಲ. ಹಣಕ್ಕಾಗಿ ಗುಪ್ತನಾಮದಲ್ಲಿ ರೋಮಾಂಚಕ ಕಥೆಗಳನ್ನೂ ಬರೆಯುತ್ತಿದ್ದಳು. ಆ ಗುಟ್ಟು ಹೊರಬಿದ್ದದ್ದು 1940ರ ದಶಕದಲ್ಲಿ.

ಹುಡುಗಿಯರಿಗಾಗಿ ಪುಸ್ತಕ ಬರೆಯಿರೆಂದು ಪ್ರಕಾಶಕ ಥಾಮಸ್ ನೈಲ್ಸ್ ಕೇಳಿದಾಗ ಆಕೆಗೆ ಉತ್ಸಾಹವಿರಲಿಲ್ಲ. ಆದರೂ ಕಾನ್‌ಕಾರ್ಡಿನ ಮನೆಯಲ್ಲಿ ಕುಳಿತು ಕೆಲವೇ ತಿಂಗಳಲ್ಲಿ ಬರೆದು ಮುಗಿಸಿದಳು. 1868ರಲ್ಲಿ ಮೊದಲ ಭಾಗ ಹೊರಬಂದದ್ದೇ ತಡ, ಓದುಗ ಹುಡುಗಿಯರಿಂದ ಪತ್ರಗಳು ಬಂದವು. ಎಲ್ಲರದೂ ಒಂದೇ ಪ್ರಶ್ನೆ: ಜೋಳ ಮದುವೆ ಯಾರೊಡನೆ? (ಅಂತಿಮ ಬಿ.ಎ. ತರಗತಿಯ ಗೆಳತಿಯರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಪರೀಕ್ಷೆಯ ದಿನಾಂಕಕ್ಕಿಂತ ಇದನ್ನು ಕೇಳುವವರೇ ಹೆಚ್ಚು.) ಜೋ ತನ್ನಂತೆಯೇ ಅವಿವಾಹಿತೆಯಾಗಿ ಉಳಿಯಲಿ ಎಂಬುದು ಲೂಯಿಸಾಳ ಇಚ್ಛೆ. 1869ರ ಎರಡನೆಯ ಭಾಗದಲ್ಲಿ, ಎಲ್ಲರೂ ಬಯಸಿದ್ದ ಲಾರಿಯನ್ನು ಬಿಟ್ಟು, ನಡುವಯಸ್ಸಿನ ಜರ್ಮನ್ ಪ್ರೊಫೆಸರನಿಗೆ ಆಕೆಯನ್ನು ಕೊಟ್ಟಳು. ಇದನ್ನು ನಾನು ಸೋಲೆನ್ನಲಾರೆ, ಗೆಲುವೆನ್ನಲೂ ಆರೆ. ಸಾಲ ತೀರಿಸಬೇಕಾದವಳ ಜಾಣತನವೆನ್ನಬಹುದು.

ಗರ್ವಿಗ್ ಹಿಡಿದಿರುವುದು ಈ ಎಳೆಯನ್ನೇ. ಚಿತ್ರದಲ್ಲಿ ನಾಯಕಿಗೆ ಮದುವೆಯಾಗಲೇಬೇಕೆಂದು ಪ್ರಕಾಶಕ ಹಟ ಹಿಡಿಯುತ್ತಾನೆ. ಜೋ ಒಪ್ಪುತ್ತಾಳೆ, ಆದರೆ ಗ್ರಂಥಸ್ವಾಮ್ಯವನ್ನು ಮಾರುವುದಿಲ್ಲ. ಕೊಡೆಯ ಕೆಳಗಿನ ಆ ಪ್ರಣಯ ನಡೆದದ್ದೋ ಬರೆದದ್ದೋ ನೋಡುವವರಿಗೆ ತಿಳಿಯದು. ಹೀಗೆ ಲೂಯಿಸಾ ಬಯಸಿದ ಮುಕ್ತಾಯವೂ ಅದೇ ಕಥೆಯೊಳಗೆ ಬಂದಿದೆ. ಆದರೆ ನೈಲ್ಸನಿಗೆ ಇಲ್ಲಿ ಅನ್ಯಾಯವಾಗಿದೆ: ಹಕ್ಕನ್ನು ಮಾರಬೇಡ, ಉಳಿಸಿಕೋ ಎಂದು ಸಲಹೆ ಕೊಟ್ಟವನೇ ಆತ. ಮನೆಯ ಸಾಲವೆಲ್ಲ ತೀರಿದ್ದು ಆ ಸಲಹೆಯಿಂದ.

1879ರಲ್ಲಿ ಕಾನ್‌ಕಾರ್ಡಿನ ಶಾಲಾ ಸಮಿತಿಯ ಚುನಾವಣೆಗೆ ಮತದಾರಳಾಗಿ ಹೆಸರು ಬರೆಸಿದ ಮೊದಲ ಮಹಿಳೆ ಲೂಯಿಸಾ. ಅದೇ ವರ್ಷ ಕಿರಿಯ ತಂಗಿ ಮೇ ಪ್ಯಾರಿಸಿನಲ್ಲಿ ಹೆರಿಗೆಯ ಬಳಿಕ ತೀರಿಕೊಂಡಾಗ, ಆಕೆಯ ಹಸುಗೂಸನ್ನು ತರಿಸಿಕೊಂಡು ಸಾಕಿದಳು. 1888ರ ಮಾರ್ಚ್ 4ರಂದು ಬ್ರಾನ್ಸನ್ ತೀರಿಕೊಂಡ. ಎರಡೇ ದಿನಗಳ ಮೇಲೆ, ಮಾರ್ಚ್ 6ರಂದು, ಲೂಯಿಸಾ. ಆಗ ಆಕೆಗೆ 55 ವರ್ಷ. ಕಾನ್‌ಕಾರ್ಡಿನ ಸ್ಲೀಪಿ ಹಾಲೋ ರುದ್ರಭೂಮಿಯಲ್ಲಿ, ಎಮರ್ಸನ್ ಮತ್ತು ಥೋರೋ ಅವರ ಸಮಾಧಿಗಳ ಬಳಿಯಲ್ಲೇ ಆಕೆಯ ಸಮಾಧಿಯೂ ಇದೆ.