ವಿದ್ಯಾವ್ರತಿ ಫ. ಗು. ಹಳಕಟ್ಟಿಯವರು

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಅದರ ದೀಪದ ಬೆಳಕಿನಲ್ಲಿ ಓದಿ ಮುಂದೆ ಬಂದವರ ಸಂಖ್ಯೆ ಅಲ್ಪವಲ್ಲ. ಮಹೋತ್ಸವದ ಈ ಪುಣ್ಯಕಾಲದಲ್ಲಿ ಇಂದಿನ ವಿದ್ಯಾರ್ಥಿಗಳ ಮುಂದಿಡತಕ್ಕ ಆದರ್ಶವಾವುದೆಂದು ಆಲೋಚಿಸುವಾಗ, ಲಿಂಗೈಕ್ಯ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನವೇ ಮೊದಲು ನೆನಪಿಗೆ ಬರುತ್ತದೆ. ಅವರು ವಚನವಾಙ್ಮಯದ ಉದ್ಧಾರಕರೆಂಬುದನ್ನು ಎಲ್ಲರೂ ಬಲ್ಲರು. ಕೊನೆಯವರೆಗೂ ವಿದ್ಯಾರ್ಥಿಯಾಗಿಯೇ ಉಳಿದಿದ್ದರೆಂಬುದನ್ನು ಮನಗಂಡವರು ವಿರಳ.

೧೮೮೦ರಲ್ಲಿ ಧಾರವಾಡದಲ್ಲಿ ಅವರ ಜನನವಾಯಿತು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದುದರಿಂದ ಅಕ್ಷರದ ಆದರವು ಮನೆಯಲ್ಲಿಯೇ ದೊರೆಯಿತು. ಉನ್ನತ ವ್ಯಾಸಂಗಕ್ಕಾಗಿ ಅವರು ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಮಹಾನಗರದಲ್ಲಿ ತರುಣನ ಚಿತ್ತವನ್ನು ಚದುರಿಸುವ ಆಕರ್ಷಣೆಗಳಿಗೇನು ಕೊರತೆ? ಆದರೆ ಹಳಕಟ್ಟಿಯವರ ಕಣ್ಣಿಗೆ ಬಿದ್ದುದು ಮರಾಠಿ, ಗುಜರಾತಿ ಜನರ ಭಾಷಾಭಿಮಾನ. ತಮ್ಮ ಕನ್ನಡಕ್ಕೆ ತಾವೇನು ಮಾಡಬಲ್ಲೆವೆಂಬ ಚಿಂತೆಯು ಅಲ್ಲಿಯೇ ಅವರಲ್ಲಿ ಬೇರೂರಿತು. ಗುರಿಯೊಂದು ಹೃದಯದಲ್ಲಿ ನೆಲೆಗೊಂಡವನಿಗೆ ಚಿತ್ತಚಾಂಚಲ್ಯದ ಭಯವು ಅರ್ಧ ಕಳೆದಂತೆಯೇ ಸರಿ.

೧೯೦೩ರಲ್ಲಿ ರಬಕವಿ-ಬನಹಟ್ಟಿಯ ಭಕ್ತರೊಬ್ಬರ ಮನೆಯಲ್ಲಿ ಅವರು ವಚನಗಳ ತಾಡವೋಲೆಯ ಕಟ್ಟುಗಳನ್ನು ಕಂಡರು. ಅಂದು ಇಂತಹ ಕಟ್ಟುಗಳು ಅನೇಕ ಮನೆಗಳ ಜಗಲಿಯ ಮೇಲೆ ವಿಭೂತಿ-ಪತ್ರೆಗಳಿಂದ ಪೂಜೆಗೊಳ್ಳುತ್ತಿದ್ದವು. ಆದರೆ ಬಿಚ್ಚಿ ಓದುವವರಿರಲಿಲ್ಲ. ಪೂಜೆಯು ತಪ್ಪದೆ ನಡೆದಿತ್ತು, ಹುಳುವೂ ತಪ್ಪದೆ ತಿನ್ನುತ್ತಿತ್ತು. ಇಂದು ಓದದೆ ಬಿಟ್ಟ ಗರಿಯು ನಾಳೆ ಪುಡಿಯಾಗಿ ಹೋದೀತೆಂಬ ಅರಿವು ಹಳಕಟ್ಟಿಯವರಿಗೆ ನಾಳೆಯೆಂಬ ಮಾತನ್ನೇ ಮರೆಯಿಸಿತು.

೧೯೦೪ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, ಮೊದಲು ಬೆಳಗಾವಿಯಲ್ಲಿಯೂ ತರುವಾಯ ವಿಜಾಪುರದಲ್ಲಿಯೂ ವಕೀಲಿಯನ್ನು ಕೈಕೊಂಡರು. ವೃತ್ತಿಯೊಡನೆ ಸಮಾಜಸೇವೆಯೂ ಬೆಳೆಯಿತು. ೧೯೧೦ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಗೂ, ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ಅವರು ದುಡಿದರು. ಇಷ್ಟೆಲ್ಲದರ ನಡುವೆಯೂ ಊರೂರು ತಿರುಗಿ ಓಲೆಗಳನ್ನು ಅರಸುವುದು ನಿಲ್ಲಲಿಲ್ಲ. ಹೀಗೆ ಕೂಡಿದ ಪ್ರತಿಗಳು ಸಾವಿರವನ್ನು ಮೀರಿದವು.

ಅವರ ಅಧ್ಯಯನಕ್ರಮವು ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮನನೀಯ. ತಾಡವೋಲೆಯಲ್ಲಿ ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ; ಅಕ್ಷರಗಳೂ ಹಳೆಯವು. ಅವಸರದಿಂದ ಓದಿದರೆ ಅರ್ಥವೇ ಕೆಡುವುದು. ಆದುದರಿಂದ ಸಾವಧಾನವಾಗಿ ಓದುವುದು, ಕೈಯಾರೆ ಬರೆದುಕೊಳ್ಳುವುದು, ಒಂದು ಪ್ರತಿಯನ್ನು ಇನ್ನೊಂದರೊಡನೆ ತಾಳೆ ನೋಡುವುದು, ಬಳಿಕ ವಿಷಯಾನುಸಾರವಾಗಿ ವಿಂಗಡಿಸುವುದು, ಇವೇ ಆ ಕಾರ್ಯದ ಮೆಟ್ಟಿಲುಗಳು. ಇವುಗಳಲ್ಲಿ ಯಾವುದನ್ನೂ ಹಾರಿ ದಾಟುವಂತಿರಲಿಲ್ಲ. ಪರೀಕ್ಷೆಯ ಪಾಠಕ್ಕೂ ಇದಕ್ಕಿಂತ ಬೇರೆಯಾದ ಸುಲಭಮಾರ್ಗವಿಲ್ಲ.

ಸಿದ್ಧವಾದ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದರೆ ಅದು ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಗಾವಿಯಲ್ಲಿ ಮುದ್ರಿತವಾಗಿ ಹೊರಬಂದಿತು. ಮುಂದೆ ಪರರ ಅಚ್ಚುಕೂಟವನ್ನು ನಂಬಿ ಕೂಡುವುದು ಸಲ್ಲದೆಂದು, ಇದ್ದ ಮನೆಯನ್ನೇ ಮಾರಿ ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯು ಜನ್ಮತಾಳಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ ಅವರನ್ನು ಅರಸಿ ಬಂದಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯೆಗೆ ಅಡ್ಡಬರುವುದು ದುರ್ವ್ಯಸನವೊಂದೇ ಅಲ್ಲ. ದುರ್ವ್ಯಸನವನ್ನು ಗುರುಹಿರಿಯರೇ ತಡೆದಾರು. ಹಣ, ಕೀರ್ತಿ, ಅಧಿಕಾರಗಳು ಕರೆದಾಗ ತಡೆಯುವವರು ಯಾರು? ವಕೀಲಿಯಲ್ಲಿಯೇ ಮುಂದುವರಿದಿದ್ದರೆ ಹಳಕಟ್ಟಿಯವರು ಸಿರಿವಂತರಾಗಿ ಬಾಳಬಹುದಾಗಿತ್ತು. ಅವರು ಆ ಗಳಿಕೆಗೆ ಬೆನ್ನು ಮಾಡಿ ಬಡತನವನ್ನು ಬರಮಾಡಿಕೊಂಡರು. ಅದರ ಫಲವು ನಾಡಿನದಾಯಿತು: ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದಲ್ಲಿ, ಅವರ ಪರಿಶ್ರಮದಿಂದ ಇನ್ನೂರಕ್ಕೂ ಮಿಕ್ಕ ಶರಣರ ಪರಿಚಯವು ಕನ್ನಡಿಗರಿಗಾಯಿತು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿ ಆ ವಿದ್ಯಾವ್ರತವನ್ನು ಮನ್ನಿಸಿತು. ೧೯೬೪ರಲ್ಲಿ ಅವರು ಲಿಂಗೈಕ್ಯರಾದರು.

ಇಂದಿನ ವಿದ್ಯಾರ್ಥಿಗೆ ಗ್ರಂಥಗಳ ಅಭಾವವಿಲ್ಲ. ಊರೂರು ಅಲೆಯಬೇಕಾಗಿಲ್ಲ; ಓಲೆಯ ಹುಳುವಿನ ಭಯವೂ ಇಲ್ಲ. ಆದರೆ ಅಂಗೈಯಲ್ಲಿಯೇ ಇದ್ದು ಕ್ಷಣಕ್ಷಣಕ್ಕೂ ಕರೆಯುವ ಚರವಾಣಿಯು ಅವನ ಹೊತ್ತನ್ನು ಹುಳುವಿನಂತೆಯೇ ಸದ್ದಿಲ್ಲದೆ ತಿನ್ನುತ್ತಿದೆ. ಓದುವ ಹೊತ್ತಿನಲ್ಲಿ ಅದನ್ನು ದೂರವಿಟ್ಟು, ನಿಯಮಿತ ವೇಳೆಗೆ ನಿಯಮಿತ ಸ್ಥಳದಲ್ಲಿ ಕುಳಿತು, ಕೈಕೊಂಡ ಪಾಠವನ್ನು ಮುಗಿಸಿಯೇ ಏಳುವ ಅಭ್ಯಾಸವನ್ನು ಬೆಳೆಸಿಕೊಳ್ಳತಕ್ಕದ್ದು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿಯನ್ನು ನಿಲಿಸುವುದನ್ನು ಕಲಿತ ನಮ್ಮ ಮಕ್ಕಳಿಗೆ ಈ ಏಕಾಗ್ರತೆಯು ಹೊಸದೇನೂ ಅಲ್ಲ. ಅದೇ ದೃಷ್ಟಿಯನ್ನು ಗ್ರಂಥದ ಮೇಲೆಯೂ ನಿಲಿಸಿದರೆ ಸಾಕು. ಗ್ರಂಥವನ್ನು ಜಗಲಿಯ ಮೇಲಿರಿಸಿ ಕೈಮುಗಿಯುವುದು ಸುಲಭ. ಬಿಚ್ಚಿ ಓದುವುದೇ ಅದಕ್ಕೆ ಸಲ್ಲುವ ನಿಜವಾದ ಪೂಜೆ. ಅಂತಹ ಪೂಜಾನಿಷ್ಠೆಯು ಶ್ರೀಮಠದ ಮಕ್ಕಳೆಲ್ಲರಿಗೂ ಗುರುಕೃಪೆಯಿಂದ ಲಭಿಸಲಿ.