ಟ್ಯೂರಿಂಗ್ ಮೆಷಿನ್ ಹಾಡಿದ್ದು

ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಬಜರ್ ಕೂಗಿಸೋ ಪ್ರೋಗ್ರಾಮ್ ಎಲ್ಲರೂ ಬರೆದಿರ್ತೀವಿ. ಒಂದು ಪಿನ್ನನ್ನು 1 ಮಾಡು, ಸ್ವಲ್ಪ ಕಾಯಿ, 0 ಮಾಡು, ಮತ್ತೆ ಕಾಯಿ, ಮೊದಲಿಗೆ ಹೋಗು. ಡಿಲೇ ಕಮ್ಮಿ ಆದರೆ ಸ್ವರ ಏರುತ್ತೆ, ಜಾಸ್ತಿ ಆದರೆ ಇಳಿಯುತ್ತೆ. ಪ್ರತಿ ಬ್ಯಾಚಿನಲ್ಲೂ ಒಬ್ಬ ಅದರಲ್ಲೇ ಹ್ಯಾಪಿ ಬರ್ತ್‌ಡೇ ನುಡಿಸಿ ಬೈಸಿಕೊಂಡಿರ್ತಾನೆ. ಈ ಉಪಾಯವನ್ನು 1951ರಲ್ಲೇ ಒಂದು ಕಂಪ್ಯೂಟರ್ ಮ್ಯಾನುಯಲ್‌ನಲ್ಲಿ ಬರೆದಿಟ್ಟವನು ಅಲನ್ ಟ್ಯೂರಿಂಗ್. ಟ್ಯೂರಿಂಗ್ ಮೆಷಿನ್, ಟ್ಯೂರಿಂಗ್ ಟೆಸ್ಟ್ ಎಲ್ಲ ಪಠ್ಯದಲ್ಲಿ ಬರುತ್ತೆ, ಪರೀಕ್ಷೆಗೆ ಓದಿ ಮರೀತೀವಿ. ಈ ಬಜರ್ ವಿಷಯ ಮಾತ್ರ ಯಾವ ನೋಟ್ಸಿನಲ್ಲೂ ನನಗೆ ಸಿಗಲಿಲ್ಲ.

ನಮ್ಮೂರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಪಕ್ಕದ ಹೊನ್ನಾಳಿಗೆ ಹೋದರೆ ತುಂಗಭದ್ರೆ ಸಿಗ್ತಾಳೆ. ಆ ಹೊಳೆಯ ಹೆಸರು ಆಂಡ್ರ್ಯೂ ಹಾಡ್ಜಸ್ ಬರೆದ ಟ್ಯೂರಿಂಗ್ ಜೀವನಚರಿತ್ರೆಯ ಶುರುವಿನಲ್ಲೇ ಬರುತ್ತೆ ಅಂದರೆ ನಂಬ್ತೀರಾ? ಅವನ ತಾಯಿಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಇಂಜಿನಿಯರ್. ತುಂಗಭದ್ರೆಗೆ ಸೇತುವೆ ಕಟ್ಟಿಸಿದ ಮನುಷ್ಯ. ಆಗ ಸಾಹೇಬರ ಮನೆಗಳಲ್ಲಿ ಗಾಳಿ ಹಾಕ್ತಿದ್ದ ಪಂಖಾದ ಚಕ್ರ ಕಿರ್ ಅನ್ನದ ಹಾಗೆ ಮಾಡಿ ಪೇಟೆಂಟ್ ಕೂಡ ತಗೊಂಡಿದ್ದ. ತಾತ ಯಂತ್ರದ ಬಾಯಿ ಮುಚ್ಚಿಸಿದ, ಮೊಮ್ಮಗ ಬಾಯಿ ಬಿಡಿಸಿದ! ತಂದೆ ಜೂಲಿಯಸ್ ಟ್ಯೂರಿಂಗ್ 1896ರಲ್ಲಿ ಐಸಿಎಸ್ ಅಧಿಕಾರಿಯಾಗಿ ಬಂದು ಮೊದಲ ಹತ್ತು ವರ್ಷ ಕೆಲಸ ಮಾಡಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು.

ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ಅಪ್ಪ ಅಮ್ಮ ಇಂಡಿಯಾದಲ್ಲಿ, ಮಕ್ಕಳಿಬ್ಬರು ಇಂಗ್ಲೆಂಡಿನಲ್ಲಿ ಒಬ್ಬ ನಿವೃತ್ತ ಕರ್ನಲ್ ದಂಪತಿ ಮನೆಯಲ್ಲಿ. ರಜೆಗೊಮ್ಮೆ ಬಂದು ಹೋಗೋ ಅಪ್ಪ ಅಮ್ಮ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ದೇಶವ್ಯಾಪಿ ಮುಷ್ಕರ, ರೈಲು ಬಂದ್. ಹದಿಮೂರರ ಹುಡುಗ ಸೈಕಲ್ ಹತ್ತಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದು ಶಾಲೆಗೆ ಹಾಜರಾದ. ನಾವಾಗಿದ್ದರೆ ಬಸ್ ಸ್ಟ್ರೈಕ್ ಅಂತ ಮೆಸೇಜ್ ಹಾಕಿ ಮಲಗ್ತಿದ್ವಿ.

ಆ ಶಾಲೆಯಲ್ಲಿ ಅವನಿಗೆ ಜೀವಕ್ಕೆ ಜೀವ ಅನ್ನೋ ಹಾಗಿದ್ದ ಗೆಳೆಯ ಕ್ರಿಸ್ಟಫರ್ ಮಾರ್ಕಮ್. ಇಬ್ಬರಿಗೂ ಗಣಿತ, ನಕ್ಷತ್ರ, ಕೆಮಿಸ್ಟ್ರಿಯ ಹುಚ್ಚು. 1930ರ ಫೆಬ್ರವರಿಯಲ್ಲಿ ಕ್ರಿಸ್ಟಫರ್ ಕ್ಷಯದಿಂದ ತೀರಿಕೊಂಡ. ಮನಸ್ಸು ದೇಹ ಬಿಟ್ಟು ಇರಬಲ್ಲದಾ ಅನ್ನೋ ಪ್ರಶ್ನೆ ಅಲನ್‌ಗೆ ಆಗ ಹತ್ತಿದ್ದು ಬಹಳ ವರ್ಷ ಬಿಡಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತಿರೋದೇ: ಕೇಂಬ್ರಿಡ್ಜ್, 1936ರ ಪೇಪರ್, ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ, ಯುದ್ಧ ಶುರುವಾದ ಮರುದಿನವೇ ಬ್ಲೆಚ್ಲಿ ಪಾರ್ಕ್, ಎನಿಗ್ಮಾ. ಸಿನಿಮಾ ನೋಡಿದವರಿಗೆ ಅದು ಸಾಕು. ಸಿನಿಮಾದಲ್ಲಿ ಬರದ ಒಂದು ವಿಷಯ ಹೇಳಬೇಕು. ಯುದ್ಧದ ಕೊನೆಕೊನೆಗೆ ಅವನು ಡಿಲೈಲಾ ಅಂತ ಒಂದು ಯಂತ್ರ ಕಟ್ಟಿದ. ಫೋನಿನಲ್ಲಿ ಆಡಿದ ಮಾತನ್ನು ಸ್ಯಾಂಪಲ್ ಮಾಡಿ, ಅದಕ್ಕೆ ಗುಟ್ಟಿನ ಕೀ ಕೂಡಿಸಿ, ಕದ್ದು ಕೇಳುವವರಿಗೆ ಬರೀ ಗೊರಗೊರ ಕೇಳೋ ಹಾಗೆ ಮಾಡೋದು. ಅಂದರೆ ಶಬ್ದ ಅವನಿಗೆ ಹೊಸದಲ್ಲ.

1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿಗೆ 1951ರ ಫೆಬ್ರವರಿಯಲ್ಲಿ ಫೆರಾಂಟಿ ಕಂಪನಿ ಕಟ್ಟಿದ ಮಾರ್ಕ್ 1 ಕಂಪ್ಯೂಟರ್ ಬಂತು. ಅದರ ಪ್ರೋಗ್ರಾಮರ್‌ಗಳ ಕೈಪಿಡಿ ಬರೆದವನು ಟ್ಯೂರಿಂಗ್. ಯಂತ್ರಕ್ಕೆ ಒಂದು ಸ್ಪೀಕರ್ ಇತ್ತು, ಅವರು ಹೂಟರ್ ಅಂತಿದ್ದರು. ಒಂದು ಇನ್‌ಸ್ಟ್ರಕ್ಷನ್ ಕೊಟ್ಟರೆ ಅದಕ್ಕೆ ಒಂದು ಪಲ್ಸ್ ಹೋಗಿ ಟಕ್ ಅಂತ ಒಂದು ಸದ್ದು ಬರ್ತಿತ್ತು, ಅಷ್ಟೇ. ಅದೇ ಇನ್‌ಸ್ಟ್ರಕ್ಷನ್ ಲೂಪಿನಲ್ಲಿ ಹಾಕಿದರೆ ಟಕ್‌ಗಳೆಲ್ಲ ಕೂಡಿ ಸ್ವರ ಆಗುತ್ತೆ. ಯಂತ್ರದ ಒಂದು ಬೀಟ್ 0.24 ಮಿಲಿಸೆಕೆಂಡ್. ನಾಲ್ಕು ಬೀಟಿಗೊಂದು ಟಕ್ ಬಂದರೆ ಸುಮಾರು 1042 ಹರ್ಟ್ಸ್. ಐದು ಬೀಟಿಗೊಂದು ಬಂದರೆ 833, ಆರಕ್ಕೆ 694. ಮಧ್ಯದಲ್ಲಿ ಏನೂ ಇಲ್ಲ, ಯಾಕಂದ್ರೆ ನಾಲ್ಕೂವರೆ ಬೀಟ್ ಅನ್ನೋದೇ ಇಲ್ಲ. ಬೇಕಾದರೆ ನೀವೇ ಲೆಕ್ಕ ಮಾಡಿ: 440 ಹರ್ಟ್ಸ್ ಬೇಕು ಅಂದರೆ 9.47 ಬೀಟ್ ಆಗಬೇಕು. 9 ಇಟ್ಟರೆ 463, 10 ಇಟ್ಟರೆ 417. ಎರಡೂ ಅಪಶ್ರುತಿ. ಸಂಗೀತ ಕಲಿತವರು ಕಿವಿ ಮುಚ್ಕೋತಾರೆ. ಈ ಅಪಶ್ರುತಿ ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಟ್ಯೂರಿಂಗ್‌ಗೆ ಹಾಡು ಕಟ್ಟೋ ಆಸೆ ಏನಿರಲಿಲ್ಲ. ಅವನಿಗೆ ಹೂಟರ್ ಬೇಕಾಗಿದ್ದದ್ದು ಕೆಲಸಕ್ಕೆ. ಪ್ರೋಗ್ರಾಮ್ ಮುಗೀತು ಅಂತ, ತಪ್ಪಾಯ್ತು ಅಂತ, ಇಲ್ಲಾ ಲೂಪ್ ಎಲ್ಲಿಗೆ ಬಂತು ಅಂತ ಕಿವಿಯಿಂದಲೇ ತಿಳಿಯೋಕೆ. ಹಾಡಿಸಿದವನು ಕ್ರಿಸ್ಟಫರ್ ಸ್ಟ್ರೇಚಿ ಅನ್ನೋ ಶಾಲಾ ಮೇಷ್ಟ್ರು. (ಟ್ಯೂರಿಂಗ್ ಬದುಕಿನಲ್ಲಿ ಇನ್ನೊಬ್ಬ ಕ್ರಿಸ್ಟಫರ್.) ಕೈಪಿಡಿ ತರಿಸಿಕೊಂಡು ಓದಿದ್ದ. ಯಂತ್ರ ತನ್ನನ್ನು ತಾನೇ ಅನುಕರಿಸೋ ಪ್ರೋಗ್ರಾಮ್ ಬರಿ ನೋಡೋಣ ಅಂತ ಟ್ಯೂರಿಂಗ್ ಹೇಳಿದ್ದಕ್ಕೆ, 20 ಪುಟಕ್ಕೂ ಹೆಚ್ಚು ಕೋಡ್ ಹಿಡಿದುಕೊಂಡೇ ಬಂದ. ಆ ಯಂತ್ರ ಅಷ್ಟುದ್ದದ ಪ್ರೋಗ್ರಾಮ್ ಅದುವರೆಗೆ ಕಂಡಿರಲಿಲ್ಲ. ಟ್ಯೂರಿಂಗ್ ಗಡಿಬಿಡಿಯಲ್ಲಿ ಸ್ವಿಚ್ಚುಗಳ ಬಗ್ಗೆ ಒಂದಿಷ್ಟು ಹೇಳಿ, ರಾತ್ರಿಗೆ ಅವನೊಬ್ಬನನ್ನೇ ಯಂತ್ರದ ಕೋಣೆಯಲ್ಲಿ ಬಿಟ್ಟು ಹೋದ. ಹೊಸಬನ ಕೈಗೆ ಕೋಟಿ ಬೆಲೆಯ ಯಂತ್ರ! ನಮ್ಮಲ್ಲಿ ಸಿಆರ್‌ಓ ಮುಟ್ಟೋಕೂ ಸೈನ್ ಹಾಕಬೇಕು. ಬೆಳಿಗ್ಗೆ ಹೊತ್ತಿಗೆ ಪ್ರೋಗ್ರಾಮ್ ಓಡಿ ಮುಗಿಯಿತು, ಮುಗಿದ ಮೇಲೆ ಯಂತ್ರ ತಾನಾಗಿ ಬ್ರಿಟಿಷ್ ರಾಷ್ಟ್ರಗೀತೆ ನುಡಿಸಿತು. ಟ್ಯೂರಿಂಗ್ ಎರಡೇ ಮಾತಿನಲ್ಲಿ ಭೇಷ್ ಅಂದ. ಕಂಪ್ಯೂಟರ್ ಮೊದಲು ಹಾಡಿದ್ದು ನಮ್ಮಲ್ಲಿ ಅಂತ ಆಸ್ಟ್ರೇಲಿಯಾದವರೂ ಹೇಳ್ತಾರೆ. ಸಿಡ್ನಿಯ ಸಿಸಿರಾಕ್ 1951ರಲ್ಲೇ ಹಾಡಿದ್ದು ನಿಜ. ಅದರ ರೆಕಾರ್ಡಿಂಗ್ ಉಳಿದಿಲ್ಲ, ಇದರದ್ದು ಉಳಿದಿದೆ.

ಅದೇ ಹೊತ್ತಿನಲ್ಲಿ ಅದೇ ಊರಿನಲ್ಲಿ ಒಂದು ಜಗಳ ನಡೀತಿತ್ತು. ಮ್ಯಾಂಚೆಸ್ಟರ್‌ನ ಹೆಸರಾಂತ ಮೆದುಳು ಸರ್ಜನ್ ಜೆಫರ್ಸನ್ 1949ರ ಭಾಷಣದಲ್ಲಿ, ಯಂತ್ರ ತನಗೆ ಅನ್ನಿಸಿದ್ದರಿಂದಲೇ ಒಂದು ಕವಿತೆನೋ ಸಂಗೀತವನ್ನೋ ಕಟ್ಟೋವರೆಗೆ ಅದನ್ನು ಮೆದುಳಿಗೆ ಸಮ ಅಂತ ಒಪ್ಪಲ್ಲ ಅಂದಿದ್ದ. ಟ್ಯೂರಿಂಗ್ 1950ರ ತನ್ನ ಪೇಪರಿನಲ್ಲಿ ಅದಕ್ಕೆ ಉತ್ತರ ಕೊಟ್ಟ: ಹಾಗಾದರೆ ನನ್ನ ಪಕ್ಕದವನಿಗೆ ಅನ್ನಿಸುತ್ತೆ ಅಂತ ನನಗೆ ಹೇಗೆ ಗೊತ್ತು? ಅವನು ಕೊಡೋ ಉತ್ತರದಿಂದ ತಾನೇ? ಎಐ ಮಾಡಿದ ಹಾಡು ಹಾಡಾ ಅಂತ ನಾವು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕಿತ್ತಾಡ್ತೀವಲ್ಲ, ಎರಡೂ ಕಡೆಯ ವಾದ ಆಗಲೇ ಬರೆದಾಗಿದೆ. ನಾನು ಜೆಫರ್ಸನ್ ಕಡೆ ಇದ್ದೆ. ಈಗ ಅಷ್ಟು ಗಟ್ಟಿಯಾಗಿ ಇಲ್ಲ.

1951ರ ಕೊನೆಯ ತಿಂಗಳುಗಳಲ್ಲಿ ಬಿಬಿಸಿಯವರು ಬಂದು ಯಂತ್ರ ನುಡಿಸಿದ್ದನ್ನು ಡಿಸ್ಕಿನಲ್ಲಿ ಮುದ್ರಿಸಿಕೊಂಡರು. ಕೆಲವೇ ತಿಂಗಳಿಗೆ, 1952ರ ಶುರುವಿನಲ್ಲಿ, ಟ್ಯೂರಿಂಗ್ ಮನೆಯಲ್ಲಿ ಕಳ್ಳತನ ಆಯಿತು. ತಾನೇ ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ ಒಬ್ಬ ಯುವಕನ ಜೊತೆ ತನಗೆ ಸಂಬಂಧ ಇರೋದನ್ನು ಮುಚ್ಚಿಡದೆ ಹೇಳಿಬಿಟ್ಟ. ಸಲಿಂಗ ಸಂಬಂಧ ಆಗ ಅಲ್ಲಿ ಅಪರಾಧ. ದೂರು ಕೊಟ್ಟವನೇ ಆರೋಪಿ ಆದ. ಮಾರ್ಚ್ 31ಕ್ಕೆ ಕೋರ್ಟು, ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆ. ಅವನ ಮೈ ಬದಲಾಯಿತು. ಸರ್ಕಾರದ ಗುಟ್ಟಿನ ಕೆಲಸಕ್ಕೆ ಇನ್ನು ಬೇಡ ಅಂದರು. ದೇಶ ಉಳಿಸಿದ್ದು ಗುಟ್ಟಾಗಿಯೇ ಇತ್ತು, ಆದ್ದರಿಂದ ಅದನ್ನು ಹೇಳಿಕೊಳ್ಳೋ ಹಾಗೂ ಇರಲಿಲ್ಲ. 1954ರ ಜೂನ್ 7ರಂದು ಸಯನೈಡ್‌ನಿಂದ ತೀರಿಕೊಂಡ, 42 ತುಂಬೋಕೆ 16 ದಿನ ಇತ್ತು. ಆತ್ಮಹತ್ಯೆ ಅಂತ ತೀರ್ಪು. ಪ್ರಯೋಗದಲ್ಲಿ ಆದ ಅಪಘಾತ ಅಂತ ತಾಯಿ ಕೊನೆವರೆಗೂ ನಂಬಿದ್ದರು. ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ. ಬ್ರಿಟಿಷರು ನಮಗೆ ಬರೆದುಕೊಟ್ಟಿದ್ದ 377ನೇ ಸೆಕ್ಷನ್ ಇದೇ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 2018ರಲ್ಲಿ, ನಾನಾಗ ಹೈಸ್ಕೂಲಿಗೂ ಬಂದಿರಲಿಲ್ಲ.

ಅವನ ಪಕ್ಕದಲ್ಲಿ ಅರ್ಧ ತಿಂದ ಸೇಬು ಇತ್ತು, ಆಪಲ್ ಲೋಗೋ ಅದೇ ಅಂತ ವಾಟ್ಸಾಪಿನಲ್ಲಿ ಓಡಾಡುತ್ತೆ. ಸೇಬು ಇತ್ತು, ಲೋಗೋ ಕಥೆ ಸುಳ್ಳು, ಅದನ್ನು ಬರೆದ ಡಿಸೈನರೇ ಅಲ್ಲ ಅಂದಿದ್ದಾರೆ. ನಿಜವಾದ ನಂಟು ಬೇರೆ ಕಡೆ ಇದೆ. 1977ರ ಆಪಲ್ 2ರಲ್ಲಿ ಒಂದು ಮೆಮೊರಿ ಅಡ್ರೆಸ್ ಮುಟ್ಟಿದರೆ ಸ್ಪೀಕರ್ ಒಮ್ಮೆ ಟಕ್ ಅನ್ನುತ್ತೆ, ಸ್ವರ ಬೇಕಾದರೆ ಲೂಪ್ ಬರೀಬೇಕು. ಅದಕ್ಕೂ ಎರಡು ವರ್ಷ ಮೊದಲು ಬಂದ ಆಲ್ಟೇರ್‌ಗೆ ಸ್ಪೀಕರ್ ಕೂಡ ಇರಲಿಲ್ಲ. ಸ್ಟೀವ್ ಡೊಂಪಿಯರ್ ಅನ್ನೋನು ಅದರ ಹತ್ತಿರ ರೇಡಿಯೋ ಇಟ್ಟು, ಸರ್ಕ್ಯೂಟಿನ ಇಂಟರ್‌ಫಿಯರೆನ್ಸನ್ನೇ ಲೂಪುಗಳಿಂದ ರಾಗಕ್ಕೆ ತಂದ. ಮನೆ ಕಂಪ್ಯೂಟರಿನ ಸಂಗೀತ ಹೊರಟಿದ್ದು ಇಂಥ ಲೂಪುಗಳಿಂದ.

ಬಿಬಿಸಿ ಡಿಸ್ಕ್ ಉಳಿದಿತ್ತು, ಆದರೆ ಕತ್ತರಿಸುವಾಗ ತಿರುಗಿದ ವೇಗ ಸರಿ ಇರಲಿಲ್ಲ. ಕೇಳ್ತಿರೋ ಸ್ವರ ಯಂತ್ರದ್ದಲ್ಲ. 2016ರಲ್ಲಿ ನ್ಯೂಜಿಲೆಂಡಿನ ಜ್ಯಾಕ್ ಕೋಪ್‌ಲ್ಯಾಂಡ್, ಜೇಸನ್ ಲಾಂಗ್ ಅದನ್ನು ಹಿಡಿದದ್ದು ಹೇಗೆ ಗೊತ್ತಾ? ರೆಕಾರ್ಡಿಂಗಿನಲ್ಲಿ ಆ ಯಂತ್ರ ನುಡಿಸೋಕೇ ಆಗದ ಫ್ರೀಕ್ವೆನ್ಸಿಗಳಿದ್ದವು. ಯಾವ ವೇಗಕ್ಕೆ ತಿರುಗಿಸಿದರೆ ಎಲ್ಲ ಸ್ವರಗಳೂ ಆ 0.24ರ ಲೆಕ್ಕಕ್ಕೆ, ಅದರ ಅಪಶ್ರುತಿ ಸಮೇತ ಕೂರುತ್ತವೋ ಅದೇ ಸರಿಯಾದ ವೇಗ.

ಟ್ಯೂರಿಂಗ್ ರೇಡಿಯೋದಲ್ಲಿ ಮಾತಾಡಿದ್ದ, ಅದು ಯಾವುದೂ ಉಳಿದಿಲ್ಲ, ಅವನ ದನಿ ಹೇಗಿತ್ತು ಅಂತ ಇವತ್ತು ಕೇಳೋಕೆ ದಾರಿ ಇಲ್ಲ. ಅವನ ಯಂತ್ರದ ದನಿ ಇದೆ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ರಾಷ್ಟ್ರಗೀತೆ, ಆಮೇಲೆ ಬಾ ಬಾ ಬ್ಲ್ಯಾಕ್ ಶೀಪ್, ಕೊನೆಗೆ ಇನ್ ದ ಮೂಡ್ ಅನ್ನೋ ಡ್ಯಾನ್ಸ್ ಟ್ಯೂನ್. ಅದರ ಮಧ್ಯದಲ್ಲೇ ಯಂತ್ರ ಕೈಕೊಡುತ್ತೆ, ಸುತ್ತ ನಿಂತವರು ನಗ್ತಾರೆ.